ಆಟಿಸಂ ಇರುವ ಮಗುವಿನ ಮನೆಯವರಿಗೆ ನಾವು ಹೇಗೆ ನೆರವಾಗಬೇಕು?

ಪ್ರಶ್ನೆ:
ದಾವಣಗೆರೆಯಲ್ಲಿರುವ ನಮ್ಮ ಅಕ್ಕನ ಮಗನಿಗೆ ಈಗ ನಾಲ್ಕೂವರೆ ವರ್ಷ. ಅವನಿಗೆ ಆಟಿಸಂ ಇದೆಯೆಂದು ಆರು ತಿಂಗಳ ಹಿಂದೆ ವೈದ್ಯರು ತಿಳಿಸಿದರು. ಭಾವನದು ಶಿಫ್ಟ್ ಕೆಲಸವಾದ್ದರಿಂದ, ವಾರಕ್ಕೆ ಮೂರು ದಿನ ಥೆರಪಿಗೆ ಕರೆದೊಯ್ಯುವುದರಿಂದ ಹಿಡಿದು ರಾತ್ರಿ ಮಲಗಿಸುವವರೆಗೆ ಎಲ್ಲವೂ ಅಕ್ಕನ ಮೇಲೆಯೇ ಬಿದ್ದಿದೆ. ಕಳೆದ ತಿಂಗಳು ನಮ್ಮ ಗೃಹಪ್ರವೇಶಕ್ಕೆ ಬಂದಾಗ, ವಾಲಗ ಶುರುವಾದೊಡನೆ ಅವನು ಕಿವಿ ಮುಚ್ಚಿಕೊಂಡು ಕಿರುಚತೊಡಗಿದ. ನೆಂಟರಲ್ಲಿ ಒಬ್ಬರು ದೃಷ್ಟಿ ತೆಗೆಯಲು ಹೇಳಿದರು, ಇನ್ನೊಬ್ಬರು ಮುದ್ದು ಹೆಚ್ಚಾಯಿತೆಂದರು. ಅಕ್ಕ ಊಟ ಮಾಡದೆಯೇ ಹೊರಟುಹೋದಳು. ಆಮೇಲೆ ನಾನು ಕಳುಹಿಸಿದ ವಿಡಿಯೊಗಳಿಗೂ ಲೇಖನಗಳಿಗೂ ಅವಳಿಂದ ಉತ್ತರವಿಲ್ಲ. ಹರಿಹರದಲ್ಲಿರುವ ನಾನು ಏನು ಮಾಡಬಹುದು?

ಉತ್ತರ 1:
ನನ್ನ ಮಗನಿಗೆ ಹನ್ನೊಂದು ವರ್ಷ. ಮೊದಲು ವಿಡಿಯೊ ಕಳುಹಿಸುವುದನ್ನು ನಿಲ್ಲಿಸಿ. ಒಳ್ಳೆಯ ಮನಸ್ಸಿನಿಂದಲೇ ಕಳುಹಿಸುತ್ತೀರಿ, ಆದರೆ ದಣಿದ ತಾಯಿಗೆ ಅದು ಇನ್ನೊಂದು ಮನೆಪಾಠದಂತೆ ಕಾಣುತ್ತದೆ. ‘ಏನಾದರೂ ಬೇಕಿದ್ದರೆ ಹೇಳು’ ಎನ್ನುವುದರ ಬದಲು ವಾರದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಿಕೊಂಡು ತಪ್ಪದೆ ಹೋಗಿ. ನನ್ನ ನಾದಿನಿ ಪ್ರತಿ ಶನಿವಾರ ಮಧ್ಯಾಹ್ನ ಬರುತ್ತಿದ್ದಳು. ಮೊದಲ ತಿಂಗಳು ಅವನನ್ನು ಎತ್ತಿಕೊಳ್ಳಲಿಲ್ಲ, ಮಾತಾಡಿಸಲೂ ಹಟ ಹಿಡಿಯಲಿಲ್ಲ. ಅವನು ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುವಾಗ ಪಕ್ಕದಲ್ಲಿ ಕುಳಿತು ತಾನೂ ಒಂದು ಸಾಲು ಜೋಡಿಸುತ್ತಿದ್ದಳು. ಕುಕ್ಕರ್ ಇಡುವ ಮುನ್ನ ಅವನನ್ನು ಹಿತ್ತಲಿಗೆ ಕರೆದೊಯ್ಯಬೇಕೆಂಬುದನ್ನು ಅವಳಾಗಿಯೇ ಕಂಡುಕೊಂಡಳು. ಎರಡನೆಯ ತಿಂಗಳಿಂದ ಆ ಎರಡು ಗಂಟೆ ನಾನು ನಿದ್ದೆ ಮಾಡಿದೆ. ಸಮಾರಂಭಕ್ಕೆ ಕರೆಯುವುದನ್ನೂ ಬಿಡಬೇಡಿ: ಸದ್ದಿನಿಂದ ದೂರವಿರುವ ಒಂದು ಕೋಣೆ ಅವರಿಗೆಂದು ಖಾಲಿ ಇರಲಿ, ಪಂಕ್ತಿಗೆ ಕಾಯಿಸದೆ ಮೊದಲೇ ಬಡಿಸಿ.

ಉತ್ತರ 2:
ನಾನು ವಾಕ್ ಚಿಕಿತ್ಸಕಿ. ಮಗುವಿಗೆ ಗೊಂದಲವಾಗುತ್ತದೆ, ಇಂಗ್ಲಿಷ್ ಒಂದನ್ನೇ ಮಾತಾಡಿ ಎಂಬ ಸಲಹೆ ನಿಮ್ಮ ಅಕ್ಕನಿಗೂ ಸಿಕ್ಕಿರಬಹುದು. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಇದುವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಮನೆಯಲ್ಲಿ ಕನ್ನಡ ನಿಲ್ಲಿಸಿದರೆ, ಮಗುವಿನ ಜೊತೆ ದಿನವಿಡೀ ಕೂರಬಲ್ಲ ಅಜ್ಜಿಯೇ ಮೂಕಿಯಾಗುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ಸಂಗತಿ. ನಿಮ್ಮ ತಾಯಿಯವರಿದ್ದರೆ ಒಂದು ದಿನ ಅವರನ್ನೂ ಥೆರಪಿಗೆ ಕರೆದೊಯ್ಯಿರಿ. ‘ನೀರು ಬೇಕಾ?’ ಎಂದು ಕೇಳಿ, ಲೋಟ ತೋರಿಸಿ, ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಕಾಯುವುದನ್ನು ಅಜ್ಜಿಯಂದಿರು ಬಹಳ ಬೇಗ ಕಲಿಯುತ್ತಾರೆ. ವಿವರವಾದ ಮೌಲ್ಯಮಾಪನ ಬೇಕಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗವೂ ಇವೆ.

ಉತ್ತರ 3:
ಒಬ್ಬ ತಂದೆಯಾಗಿ ಹೇಳುವುದಾದರೆ, ಕಾಗದಪತ್ರದ ಓಡಾಟವನ್ನು ನೀವು ವಹಿಸಿಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವಿಧದ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರದಲ್ಲಿ ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ದಾಖಲಾದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಯುಡಿಐಡಿ ಕಾರ್ಡಿಗೆ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ತುಂಬುವುದು, ಸ್ಕ್ಯಾನ್ ಮಾಡಿಸುವುದು, ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆಯ ದಿನ ಯಾವುದೆಂದು ವಿಚಾರಿಸುವುದು, ಇವಕ್ಕೆ ಮಗುವೂ ತಾಯಿಯೂ ಅಲೆಯಬೇಕಿಲ್ಲ. ತಪಾಸಣೆಗೆ ಹಾಜರಾದರೆ ಸಾಕು. ನಾನು ಮಗನನ್ನು ಹೆಗಲ ಮೇಲೆ ಹೊತ್ತು ಒಂದೇ ಸಹಿಗೆ ನಾಲ್ಕು ಸಲ ಹೋಗಿದ್ದೇನೆ. ಆಮೇಲೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಗೆ ಸೇರಿಸಿ: ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದ್ದು, ಥೆರಪಿಯ ಖರ್ಚೂ ಒಂದು ಮಿತಿಯೊಳಗೆ ಮರಳುತ್ತದೆ. ರಸೀದಿಗಳನ್ನು ಈಗಿನಿಂದಲೇ ಒಂದು ಫೈಲಿನಲ್ಲಿಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಅಕ್ಕನಿಗೆ ಕರೆ ಮಾಡಿ, ಇನ್ನು ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಬರುತ್ತೇನೆ ಎಂದಷ್ಟೇ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನು ಮೊಸರನ್ನವನ್ನು ಸ್ಟೀಲ್ ತಟ್ಟೆಯಲ್ಲಿ ಮುಟ್ಟುವುದಿಲ್ಲ, ನೀಲಿ ಬಟ್ಟಲಿನಲ್ಲೇ ಕಲಸಬೇಕು, ಒಗ್ಗರಣೆ ಹಾಕಬಾರದು ಎಂದು ಹೇಳಿದಳು. ಬರೆದಿಟ್ಟುಕೊಂಡಿದ್ದೇನೆ.