ಮಾಲ್ಟಾಕ್ಕೆ ಹೊರಟ ಮಗುವಿನ ವಿಷಯ

ತಂಗಿ, ನಿನ್ನೆ ರಾತ್ರಿ ನೀನು ಕೇಳಿದ್ದನ್ನು ಎರಡು ಸಲ ಓದಿದೆ. ಮಗಳು ಬರ್ಲಿನ್ನಿನ ಕೆಲಸ ಬಿಟ್ಟು, ನಾಲ್ಕು ತಿಂಗಳು ಯುರೋಪಿನ ಮಾಲ್ಟಾ ದ್ವೀಪದಲ್ಲಿ ಇಂಗ್ಲಿಷ್ ಕಲಿಸುವ ಒಂದು ಶಾಲೆಗೆ, ಶಾಲೆ ನಡೆಸುವ ವ್ಯಾಪಾರ ಕಲಿಯಲು ಹೋಗುತ್ತಾಳಂತೆ, ಸಂಬಳವಿಲ್ಲವಂತೆ, ಇದು ಬಿಟ್ಟಿ ಚಾಕರಿಯಲ್ಲವೇ ಅಣ್ಣ ಎಂದು ಕೇಳಿದ್ದೀಯ. ಅವಳ ಹಟ ಎಲ್ಲಿಂದ ಬಂತೆಂದು ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜಿಯನ್ನು ಕಂಡವರೇ ಎಲ್ಲರೂ.

ಅವಳು ಹೋಗುತ್ತಿರುವ 'ಎರಾಸ್ಮಸ್ ಯುವ ಉದ್ಯಮಿಗಳ' ಯೋಜನೆ ಯುರೋಪಿಯನ್ ಒಕ್ಕೂಟದ್ದು, 2009ರಿಂದ ನಡೆಯುತ್ತಿದೆ. ಹೊಸದಾಗಿ ಉದ್ಯಮಕ್ಕೆ ಇಳಿಯುವವರು ಬೇರೆ ದೇಶದ ಪಳಗಿದ ಉದ್ಯಮಿಯ ಬಳಿ ಒಂದರಿಂದ ಆರು ತಿಂಗಳು ಇದ್ದು ಕಲಿಯುತ್ತಾರೆ. ಸಂಬಳವಿರುವುದಿಲ್ಲ, ಖರ್ಚಿಗೆಂದು ಒಕ್ಕೂಟವೇ ತಿಂಗಳ ಲೆಕ್ಕದಲ್ಲಿ ಒಂದಿಷ್ಟು ನೆರವು ಕೊಡುತ್ತದೆ. ಆದ್ದರಿಂದ ಮೋಸವೆಂಬ ಭಯ ಬೇಡ. ನನ್ನ ಆತಂಕ ಬೇರೆಯದು.

1984ರಲ್ಲಿ ನಾನು ಮುಂಬಯಿಯ ದಾದರಿಗೆ ಹೋದದ್ದು ನಿಮಗೆಲ್ಲ ಗೊತ್ತು. ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿಸುವ ಸಂಸ್ಥೆಯ ಮಾಲೀಕರು "ಆರು ತಿಂಗಳು ಜೊತೆಗಿರು, ಎಲ್ಲ ಕಲಿಸುತ್ತೇನೆ, ಆಮೇಲೆ ಹುಬ್ಬಳ್ಳಿಯಲ್ಲಿ ನಿನ್ನದೇ ತೆರೆ" ಎಂದಿದ್ದರು. ನಾನು ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದು, ಯಂತ್ರಗಳ ರಿಬ್ಬನ್ ಬದಲಿಸಿ, ಹಾಜರಿ ಹಾಕಿ, ರಾತ್ರಿ ಬೀಗ ಹಾಕಿದೆ. ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕ ಮಾತ್ರ ಅವರ ಮೇಜಿನ ಡ್ರಾಯರಿನಲ್ಲಿರುತ್ತಿತ್ತು, ಅದರ ಬೀಗದ ಕೈ ಅವರ ಜನಿವಾರದಲ್ಲಿ. ಆರು ತಿಂಗಳಲ್ಲಿ ಅದರ ಒಂದು ಪುಟವನ್ನೂ ನಾನು ಕಾಣಲಿಲ್ಲ. ಹುಬ್ಬಳ್ಳಿಯಲ್ಲಿ ಹತ್ತು ಯಂತ್ರ ಹಾಕಿದ ಮೇಲೆ ತಿಳಿಯಿತು, ಪರೀಕ್ಷೆ ಮುಗಿದ ತಿಂಗಳುಗಳಲ್ಲಿ ಬೆಂಚು ಖಾಲಿಯಾದರೂ ಬಾಡಿಗೆ ನಿಲ್ಲುವುದಿಲ್ಲವೆಂದು. ಹದಿನಾಲ್ಕು ತಿಂಗಳಿಗೆ ಎಲ್ಲವನ್ನೂ ಮಾರಿದೆ. ಲೆಕ್ಕದ ಪುಸ್ತಕ ತೋರಿಸುತ್ತೇವೆಂದು ಬರೆದು ಕೊಡದವರ ಬಳಿ ಮಗು ಹೋಗಬಾರದು.

ಮಾಲ್ಟಾದ ಶಾಲೆಗಳ ಕಥೆಯೂ ಅದೇ. ಸ್ಲೀಮಾ, ಸೇಂಟ್ ಜೂಲಿಯನ್ಸ್ ಕಡೆ ಬೇಸಿಗೆಯಲ್ಲಿ ಯುರೋಪಿನ ಹುಡುಗರು ಗುಂಪು ಗುಂಪಾಗಿ ಇಂಗ್ಲಿಷ್ ಕಲಿಯಲು ಬಂದು ತುಂಬುತ್ತಾರೆ, ಚಳಿಗಾಲದಲ್ಲಿ ಆ ನೂಕುನುಗ್ಗಲು ಇರುವುದಿಲ್ಲ. ವಿದ್ಯಾರ್ಥಿಗಳನ್ನು ಕಳಿಸುವ ಏಜೆಂಟರಿಗೆ ಕಮಿಷನ್, ಊಟ ವಸತಿ ಕೊಡುವ ಮನೆಗಳಿಗೆ ಹಣ, ಇವೆಲ್ಲ ಹೋದ ಮೇಲೆ ಒಂದು ತರಗತಿಗೆ ಎಷ್ಟು ಮಂದಿ ಕೂತರೆ ಮೇಷ್ಟರ ಸಂಬಳ ಹೊರಡುತ್ತದೆ ಎಂಬುದೇ ಆ ವ್ಯಾಪಾರದ ಗುಟ್ಟು. ಇಲ್ಲಿಂದ ಜರ್ಮನಿಗೆ ಹೋಗುವ ನರ್ಸ್ ಹೆಣ್ಣುಮಕ್ಕಳನ್ನು ಜರ್ಮನ್ ಭಾಷೆಯಲ್ಲಿ ಬಿ2 ಹಂತಕ್ಕೆ, ಅಂದರೆ ಸರಾಗವಾಗಿ ಮಾತಾಡುವ ಮಟ್ಟಕ್ಕೆ, ತರುವ ಶಾಲೆ ತೆರೆಯಬೇಕೆನ್ನುವವಳು ಕಲಿಯಬೇಕಾದದ್ದು ಇದನ್ನೇ. ಸ್ವಾಗತದ ಮೇಜಿನಲ್ಲಿ ಕೂತು ಫೋನ್ ಎತ್ತುತ್ತಾ ನಾಲ್ಕು ತಿಂಗಳು ಕಳೆಯಬಾರದು. ಮತ್ತೆ ಹೇಳುತ್ತೇನೆ, ಲೆಕ್ಕ ತೋರಿಸುವ ಮಾತು ಬರಹದಲ್ಲಿರಲಿ. ಇಬ್ಬರೂ ಉದ್ಯಮಿಗಳು ಮತ್ತು ಎರಡೂ ದೇಶಗಳ ಮಧ್ಯವರ್ತಿ ಸಂಸ್ಥೆಗಳು ಒಪ್ಪುವ ಒಡಂಬಡಿಕೆಯೊಂದು ಆ ಯೋಜನೆಯಲ್ಲೇ ಇದೆ. ಅದರ ಕಲಿಕೆಯ ಪಟ್ಟಿಯಲ್ಲಿ ಈ ಮಾತನ್ನು ಸೇರಿಸಿಕೊಳ್ಳಲಿ.

ನಾನು ಯಂತ್ರ ಮಾರಿದ ವರ್ಷ, ಅಣ್ಣನ ಮದುವೆಯ ಚಪ್ಪರದಲ್ಲಿ ಚಿಕ್ಕಪ್ಪ ಬೀಗರಿಗೆ ಎಲ್ಲರನ್ನೂ ಪರಿಚಯಿಸುತ್ತಾ ಅಣ್ಣನನ್ನು ಬ್ಯಾಂಕಿನವನೆಂದರು, ನನ್ನನ್ನು "ಇವನು ಮನೆಯಲ್ಲೇ ಇದ್ದಾನೆ" ಎಂದರು. ಎಲ್ಲಿ ಎಡವಿದೆ, ಏನು ಕಲಿತೆ ಎಂದು ಈ ಮನೆಯಲ್ಲಿ ಇಂದಿಗೂ ಒಬ್ಬರೂ ಕೇಳಿಲ್ಲ. ನೌಕರಿ ಹಿಡಿದವನಿಗೆ ಮಣೆ, ವ್ಯಾಪಾರಕ್ಕೆ ಕೈ ಹಾಕಿದವನಿಗೆ ಮೌನ. ಅದು ನನಗೆ ಬಹಳ ನೋವು ಕೊಟ್ಟಿದೆ. ಈ ಮಗುವಿಗೆ ಯಾರೂ ಹಾಗೆ ಮಾಡಬೇಡಿ, ವಾರಕ್ಕೊಮ್ಮೆ ಫೋನ್ ಮಾಡಿ ಏನು ಕಲಿತೆ ಎಂದು ಕೇಳಿ.

ಅಯ್ಯೋ, ಮುಖ್ಯವಾದದ್ದನ್ನೇ ಮರೆತೆ. ಅವಳ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಶೆಂಗೆನ್ ಎಂದರೆ ತಮ್ಮ ನಡುವೆ ಗಡಿ ತಪಾಸಣೆ ತೆಗೆದ ಯುರೋಪಿನ ದೇಶಗಳ ಕೂಟ; ಜರ್ಮನಿಯ ವಾಸದ ಪರವಾನಗಿಯ ಮೇಲೆ ಬೇರೆ ಶೆಂಗೆನ್ ದೇಶದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಮಾಲ್ಟಾ ಸಹ ಶೆಂಗೆನ್ನಿನಲ್ಲಿದೆ. ಹಾಗಾಗಿ ಒಂದೇ ಉಸಿರಿಗೆ ನಾಲ್ಕು ತಿಂಗಳು ಆಗದು. ಆದರೆ ಒಟ್ಟು ಅವಧಿ ಹನ್ನೆರಡು ತಿಂಗಳೊಳಗೆ ಮುಗಿಯುವಂತಿದ್ದರೆ ಅದನ್ನು ತುಂಡು ಮಾಡಿಕೊಳ್ಳಲು ಯೋಜನೆ ಬಿಡುತ್ತದೆ. ಜನವರಿ, ಫೆಬ್ರವರಿ ಒಂದು ಸಲ, ಜುಲೈ, ಆಗಸ್ಟ್ ಇನ್ನೊಂದು ಸಲ ಹೋದರೆ ಖಾಲಿ ಬೆಂಚನ್ನೂ ತುಂಬಿದ ಬೆಂಚನ್ನೂ ಕಂಡಂತಾಗುತ್ತದೆ. ಅಲ್ಲಿ ಇದ್ದು ಕಲಿಯಲು ಬೇರೆ ಅನುಮತಿ ಬೇಕೇ ಎಂದು ಮಾಲ್ಟಾದ ವಲಸೆ ಕಚೇರಿಗೆ ಇಂದೇ ಬರೆದು ಕೇಳಲಿ. ಉತ್ತರ ಕೈಗೆ ಬರುವವರೆಗೆ ಟಿಕೆಟ್ ತೆಗೆಯುವುದೂ ಬೇಡ, ಬರ್ಲಿನ್ನಿನಲ್ಲಿ ರಾಜೀನಾಮೆ ಕೊಡುವುದೂ ಬೇಡ.