ಕಾಕಾರ ಮಾತಿನ ವಾಲ್ವ್ ಸೋರೂದಕ್ಕ, ವೈನಿಗೆ ಉತ್ತರ

ವೈನಿ, ಕಾಕಾರಿಗೆ ಗಂಟಲ ಆಪರೇಷನ್‌ನಾಗ ಧ್ವನಿಪೆಟ್ಟಿಗಿ ತಗದು, ಉಸಿರಾಡಾಕ ಕುತ್ತಿಗಿಯಾಗ ತೂತು ಮಾಡಿ, ಶ್ವಾಸನಾಳ ಅನ್ನನಾಳದ ನಡುವಿನ ಗೋಡ್ಯಾಗ ಮಾತಿಗಂತ ಸಣ್ಣ ಸಿಲಿಕೋನ್ ವಾಲ್ವ್ ಕೂಡಿಸಿ ಐದು ತಿಂಗಳಾತು, ಮಾತೂ ಚಲೋ ಬರ್ತಿತ್ತು, ಈಗೊಂದು ವಾರದಿಂದ ಚಹಾ ಕುಡಿದ್ರ ಕೆಮ್ಮು, ಕುತ್ತಿಗಿ ತೂತಿನಾಗ ಚಹಾನ ಕಾಣ್ತದ ಅಂದ್ರೆಲ್ಲ. ಗಾಬರಿ ಬ್ಯಾಡ, ಆದ್ರ ಬಿಟ್ಟು ಕೂಡೂ ಹಂಗೂ ಇಲ್ಲ. ಸೋರಿದ್ದು ಪುಪ್ಪುಸಕ್ಕ ಇಳಿದ್ರ ನ್ಯುಮೋನಿಯಾ ಆಗ್ತದ.

ಮೊದಲ ಎಲ್ಲಿಂದ ಸೋರ್ತದ ನೋಡ್ರಿ. ವಾಲ್ವ್ ಬ್ರಷ್‌ನಿಂದ ಸ್ವಚ್ಛ ಮಾಡಿ, ನೀರಿಗೆ ಅಡಗಿ ಬಣ್ಣ ಕಲಸಿ ಒಂದೊಂದ ಗುಟುಕು ಕುಡಿಸ್ರಿ. ಬ್ಯಾಟರಿ ಹಿಡಿದು ಕುತ್ತಿಗಿ ತೂತಿನ ಹಿಂದಿನ ಗೋಡಿ ನೋಡ್ರಿ, ವಾಲ್ವ್ ಇರೂದು ಅಲ್ಲೇ. ಬಣ್ಣ ವಾಲ್ವಿನ ನಡುವಿನಿಂದ ಬಂತೋ, ಸುತ್ತಲಿನ ಅಂಚಿನಿಂದ ಬಂತೋ? ಎಲ್ಲಾ ಇದರ ಮ್ಯಾಲೇ ಅದ.

ನಡುವಿನಿಂದ ಬಂದ್ರ, ಅನ್ನನಾಳದ ಕಡಿ ಮುಚ್ಚೂ ಪದರು ಸರಿಯಾಗಿ ಕೂಡವಲ್ದು. ರೊಟ್ಟಿ ಚೂರು ಸಿಕ್ಕಿರಬಹುದು. ಬ್ರಷ್ ಒಳಗ ಹಾಕಿ ಮೆಲ್ಲಕ ತಿರುವಿ ತಗದು, ಒರಿಸಿ, ಮತ್ತ ಹಾಕ್ರಿ, ಸ್ವಚ್ಛ ಬರೂತನಕ. ಅದಕ್ಕೂ ನಿಲ್ಲಲಿಲ್ಲ ಅಂದ್ರ ಕ್ಯಾಂಡಿಡಾ ಅನ್ನೂ ಬೂಸರು ಸಿಲಿಕೋನ್ ಕೆಡಿಸಿರ್ತದ. ವಾಲ್ವ್ ಬಾಳ ಸಲ ಬಾಳೂದ 3ರಿಂದ 6 ತಿಂಗಳು, ಹಿಂಗಾಗಿ ಕಾಕಾರದು ಬದಲಿಸೂ ಹೊತ್ತಾತು ಅನಸ್ತದ. ಅಲ್ಲೀತನಕ ಉಣ್ಣುಮುಂದ ಪ್ಲಗ್, ಅಂದ್ರ ವಾಲ್ವಿನ ಬಾಯಿ ಮುಚ್ಚೂ ಸಣ್ಣ ಬಿರಡಿ, ಹಾಕ್ರಿ, ಆದ್ರ ಪ್ಲಗ್ ಇದ್ದಾಗ ಮಾತು ಬರೂದಿಲ್ಲ. ಬೂಸರು ಬೆಳೀಬಾರದಂದ್ರ ಹಲ್ಲಿನ ಸೆಟ್ ರಾತ್ರಿ ತಗದು ತೊಳೀರಿ, ಸಕ್ಕರಿ ಕಾಯಿಲೆ ಇದ್ರ ಹತೋಟ್ಯಾಗ ಇಡ್ರಿ. ಬೂಸರಿನ ಔಷಧ ಡಾಕ್ಟರ್ ಬರದ್ರಷ್ಟ.

ಸುತ್ತಲಿಂದ ಬಂದ್ರ ಪ್ಲಗ್ಗಿನಿಂದ ಏನೂ ಆಗೂದಿಲ್ಲ, ಅದು ನಡುವಷ್ಟ ಮುಚ್ತದ. ಆಪರೇಷನ್ ಬಾವು ಇಳಿದು ಗೋಡಿ ತೆಳ್ಳಗ ಆಗಿರ್ತದ, ಹಳೀ ವಾಲ್ವ್ ಉದ್ದಾಗಿ ಹಿಂದ ಮುಂದ ಸರದಾಡ್ತದ. ಮತ್ತ ಅಳತಿ ತಗೊಂಡು ಗಿಡ್ಡಂದು ಹಾಕಬೇಕು. ದಪ್ಪಂದು ಹಾಕಿದ್ರ ವಾಲ್ವ್ ಕೂಡೂ ಒಳತೂತು ಇನ್ನಷ್ಟು ಅಗಲ ಆಗೂದ. ರೇಡಿಯೇಷನ್ ಆದವರಿಗೆ, ಹುಳಿತೇಗು ಇದ್ದವರಿಗೆ ಇದು ಜಾಸ್ತಿ.

ತಟ್ಟನೆ ವಾಲ್ವ್ ಕಳಚಿ ಬಿತ್ತು ಅಂದ್ರ ಆ ಒಳತೂತು ತಾಸುಗಳೊಳಗ ಮುಚ್ಚಕೊಳ್ತದ. ಅದು ಮುಚ್ಚಬಾರದಂತ ಅದರಾಗ 14 ನಂಬರ್ ರಬ್ಬರ್ ಕ್ಯಾಥೆಟರ್ (ಸಣ್ಣ ಕೊಳವಿ) ಹಾಕೂದು ಆಸ್ಪತ್ರ್ಯಾಗ ಈಗ ಕಲಿತು ಇಟ್ಟಕೊಳ್ರಿ, ಹೊರಗಿನ ತುದಿ ಮಡಚಿ ಕಟ್ಟಿ ಟೇಪ್ ಅಂಟಿಸೂದು. ಬಿದ್ದ ವಾಲ್ವ್ ಸಿಗಲಿಲ್ಲಂದ್ರ ಶ್ವಾಸನಾಳದಾಗ ಹೋಗೇದ ಅಂತ ತಿಳಿದು ಎಕ್ಸ್‌ರೇಗೆ ಓಡ್ರಿ.

ಗದಗಿಂದ ಹುಬ್ಬಳ್ಳಿ ಆಸ್ಪತ್ರಿಗೆ ಹೊಂಡೂ ಮುಂದ ವಾಲ್ವಿನ ಕಾರ್ಡ್ ಮರೀಬ್ಯಾಡ್ರಿ, ದಪ್ಪ ಉದ್ದ ಎರಡೂ ಅದರಾಗ ಇರ್ತಾವ. ಅಲ್ಲೀತನಕ ತೆಳ್ಳನೆ ಚಹಾ ಬಿಡಿಸಿ ಗಟ್ಟಿ ಅಂಬಲಿ ಕೊಡ್ರಿ. ಬಣ್ಣದ ನೀರು ಎಲ್ಲಿಂದ ಬಂತು ಅಂತ ಇವತ್ತ ಹೇಳ್ರಿ.