ಗಾಡಿಯಲ್ಲೇ ವಾಸ: ಇಡ್ಲಿ ಹಿಟ್ಟು ಉಬ್ಬುತ್ತಿಲ್ಲ, ಇಲ್ಲಿನ ರಾಗಿಹಿಟ್ಟಲ್ಲಿ ಮುದ್ದೆ ಆಗುತ್ತಿಲ್ಲ

ಗಾಲಿಮನೆ:
ಎಲ್ಲರಿಗೂ ನಮಸ್ಕಾರ. ನಾನು, ನಮ್ಮನೆಯವರು ಟೆಂಪೋ ಟ್ರಾವೆಲರ್‌ನಲ್ಲೇ ಸಂಸಾರ ಹೂಡಿಕೊಂಡು ಉತ್ತರದ ಕಡೆ ಸುತ್ತುತ್ತಿದ್ದೇವೆ. ಈಗ ಉತ್ತರಾಖಂಡದ ಮುನ್ಸ್ಯಾರಿಯಲ್ಲಿದ್ದೇವೆ. ಅಕ್ಟೋಬರ್ ಮುಗಿಯುತ್ತಾ ಬಂತು, ರಾತ್ರಿ ವಿಪರೀತ ಚಳಿ. ಪರಾಠಾ, ಮ್ಯಾಗಿ ತಿಂದೂ ತಿಂದೂ ನಾಲಿಗೆ ಕೆಟ್ಟಿದೆ.

ಇಡ್ಲಿಗೆ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು ರುಬ್ಬಿದೆ. ಇಡೀ ರಾತ್ರಿ ಇಟ್ಟರೂ ಹಿಟ್ಟು ಹಾಗೇ ಇತ್ತು, ಒಂದು ಗುಳ್ಳೆ ಇಲ್ಲ. ಊರಿಂದ ತಂದ ರಾಗಿಹಿಟ್ಟು ಮುಗಿಯಿತು ಅಂತ ಹಲ್ದ್ವಾನಿಯಲ್ಲಿ 'ಮಂಡುವಾ ಆಟಾ' ಪ್ಯಾಕೆಟ್ ತಗೊಂಡೆವು, ಇಲ್ಲಿ ರಾಗಿಗೆ ಮಂಡುವಾ ಅಂತಾರೆ. ಬಣ್ಣ ರಾಗಿಯದ್ದೇ. ಆದರೆ ಮುದ್ದೆ ಅಂಟಂಟಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತೆ, ನುಂಗೋಕೇ ಆಗಲ್ಲ. ಕಾಯಿ, ಕರಿಬೇವು, ಬ್ಯಾಡಗಿ ಮೆಣಸಿನಕಾಯಿ ಯಾವುದೂ ಸಿಗುತ್ತಿಲ್ಲ. ಅಮ್ಮ ಪಾರ್ಸೆಲ್ ಕಳಿಸ್ತೀನಿ ಅಂತಾರೆ, ಯಾವ ವಿಳಾಸ ಕೊಡೋದು?

ಒಗ್ಗರಣೆ ಲೆಕ್ಕ:
ಯಾವ ಅಕ್ಕಿ? ಹಿಟ್ಟು ಇಟ್ಟ ಜಾಗದಲ್ಲಿ ಎಷ್ಟು ಡಿಗ್ರಿ ಇತ್ತು? ರುಬ್ಬಿದ್ದು ಯಾವುದರಲ್ಲಿ? ಇಷ್ಟು ಹೇಳಿ.

ಗಾಲಿಮನೆ:
ಬಾಸ್ಮತಿ ನುಚ್ಚು, ಅಂಗಡಿಯಲ್ಲಿ ಇದ್ದದ್ದೇ ಅದು. ಇನ್ವರ್ಟರ್‌ಗೆ ಹಾಕಿ ಮಿಕ್ಸಿಯಲ್ಲಿ ರುಬ್ಬಿದೆ. ಬೆಳಿಗ್ಗೆ ಗಾಡಿಯೊಳಗೆ 9 ಡಿಗ್ರಿ ತೋರಿಸ್ತಿತ್ತು.

ಒಗ್ಗರಣೆ ಲೆಕ್ಕ:
9 ಡಿಗ್ರಿ ಅಂದ್ರೆ ಫ್ರಿಜ್ಜಲ್ಲಿ ಇಟ್ಟ ಹಾಗೆ. ಹಿಟ್ಟು ಚೆನ್ನಾಗಿ ಉಬ್ಬೋಕೆ 28ರಿಂದ 32 ಡಿಗ್ರಿ ಬೇಕು. ನಿಮ್ಮ ಹತ್ತಿರ ಐಸ್‌ಬಾಕ್ಸ್ ಇದ್ದೇ ಇರುತ್ತಲ್ವಾ? ಅದು ಬಿಸಿಯನ್ನೂ ಹಿಡಿದಿಡುತ್ತೆ. ಹಿಟ್ಟಿನ ಪಾತ್ರೆ ಮಧ್ಯದಲ್ಲಿಟ್ಟು, ಬಿಸಿನೀರು ತುಂಬಿದ ಎರಡು ಸ್ಟೀಲ್ ಬಾಟಲಿಗಳನ್ನು ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಮಲಗುವ ಮುಂಚೆ ಒಂದು ಸಲ, ನಡುರಾತ್ರಿ ಎಚ್ಚರವಾದ್ರೆ ಇನ್ನೊಂದು ಸಲ ನೀರು ಬದಲಾಯಿಸಿ. ಬಾಟಲಿ ನೇರವಾಗಿ ಪಾತ್ರೆಗೆ ತಾಗಬಾರದು. ತಾಗಿದ ಕಡೆ ಹಿಟ್ಟು ಬೆಂದು ಗಂಟಾಗುತ್ತೆ.

ಅಕ್ಕಿ ಬದಲಾಯಿಸಿ. ಇಡ್ಲಿಗೆ ಕುಸುಬಲಕ್ಕಿಯೇ ಸರಿ. ಆ ಕಡೆ ಅದನ್ನು 'ಸೇಲಾ' ಅಂತಾರೆ, ಬಿಹಾರ-ಬಂಗಾಳದ ಕಡೆ 'ಉಸ್ನಾ'. ಸೇಲಾದಲ್ಲೂ ಬಾಸ್ಮತಿ ಇದೆ, ಅದು ಬೇಡ. ದಪ್ಪ ಕಾಳಿನ 'ಪರ್ಮಲ್ ಸೇಲಾ' ಕೇಳಿ. ಉದ್ದು ರುಬ್ಬುವಾಗ ಐಸ್ ನೀರು ಹಾಕಿ ಅಂತ ನಾವು ಹೇಳೋದು ಬೆಂಗಳೂರಿನ ಬೇಸಿಗೆಗೆ. ನಿಮಗೆ ಬೇಕಾಗಿಲ್ಲ. ಕೊನೆಗೆ ಕೈಯಲ್ಲೇ ಕಲಸಿ.

ನ್ಯಾಷನಲ್ ಪರ್ಮಿಟ್ ಹುಬ್ಬಳ್ಳಿ:
ನಾವು ಲಾರಿಯವರು. ಹಳೇ ಗಾಡಿಗಳಲ್ಲಿ ಇಂಜಿನ್ ಕವರ್ ಕ್ಯಾಬಿನ್ ಒಳಗೇ ಇರುತ್ತಿತ್ತು. ಹಿಟ್ಟಿನ ಡಬ್ಬಿಗೆ ಕಂಬಳಿ ಸುತ್ತಿ ಅದರ ಹತ್ತಿರ ಇಡುತ್ತಿದ್ದೆವು. ಒಂದು ಮಾತು, ಗಾಡಿ ನಿಂತಾಗಲೇ ಹಿಟ್ಟು ಉಬ್ಬಲಿ. ಉಬ್ಬಿದ ಹಿಟ್ಟನ್ನು ಘಾಟಿ ರಸ್ತೆಯಲ್ಲಿ ಕುಲುಕಿಸಿದರೆ ಗಾಳಿಯೆಲ್ಲ ಹೋಗಿ ಇಡ್ಲಿ ಚಪ್ಪಟೆ. ಹಾಗಾದ ದಿನ ದೋಸೆ ಹುಯ್ಯಿರಿ. ಡಬ್ಬಿ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಸೀಟೆಲ್ಲ ಹಿಟ್ಟಾಗುತ್ತೆ.

ಅಲ್ಮೋರಾ ಸೊಸೆ:
ನಾನು ಹಾಸನದವಳು, ಮದುವೆಯಾಗಿ ಬಂದದ್ದು ಅಲ್ಮೋರಾಕ್ಕೆ. ತಂಗಿ, ನಿಮ್ಮ ಪ್ಯಾಕೆಟ್‌ನಲ್ಲಿ ಗೋಧಿ ಬೆರೆತಿರಬೇಕು. ಬರೀ ಮಂಡುವಾದಲ್ಲಿ ರೊಟ್ಟಿ ತಟ್ಟೋದು ಕಷ್ಟ ಅಂತ ಇಲ್ಲಿ ತುಂಬಾ ಜನ ಗೋಧಿ ಸೇರಿಸುತ್ತಾರೆ. ಒಂದು ಚಮಚ ಹಿಟ್ಟಿಗೆ ತಣ್ಣೀರು ಹಾಕಿ ಚೆನ್ನಾಗಿ ನಾದಿ, ಎಳೆದು ನೋಡಿ. ಬರೀ ರಾಗಿಯಾದರೆ ಪಟ್ ಅಂತ ಮುರಿಯುತ್ತೆ. ರಬ್ಬರ್ ಥರ ಎಳೆ ಬಂದರೆ ಗೋಧಿ ಇದೆ. ಆ ಹಿಟ್ಟಲ್ಲಿ ಮುದ್ದೆ ಆಸೆ ಬಿಡಿ, ರೊಟ್ಟಿ ಮಾಡಿ ಖಾಲಿ ಮಾಡಿ.

ಸೂಪರ್ ಮಾರ್ಕೆಟ್‌ಗೆ ಹೋಗಬೇಡಿ. ಹಳ್ಳಿಗಳಲ್ಲಿ 'ಘರಾಟ್' ಅಂತ ನೀರಿನಿಂದ ತಿರುಗುವ ಬೀಸೋಕಲ್ಲು ಇರುತ್ತೆ. ಅಲ್ಲಿ ಅಥವಾ ಊರಿನ ಆಟಾ ಚಕ್ಕಿಯಲ್ಲಿ ಕೇಳಿ. ಕಾಳು ಕೊಂಡು ಕಣ್ಣೆದುರೇ ಬೀಸಿಸಿದರೆ ಇನ್ನೂ ಒಳ್ಳೆಯದು. ಬೀಸಿದ್ದು ತರಿತರಿಯಾಗಿರುತ್ತೆ, ಅದಕ್ಕೆ ಮೊದಲು ಒಂದು ಚಮಚ ಹಿಟ್ಟನ್ನು ನೀರಲ್ಲಿ ಕದಡಿ ಅಂಬಲಿ ಥರ ಕುದಿಸಿ. ಆಮೇಲೆ ಉಳಿದ ಹಿಟ್ಟು ಗುಡ್ಡೆ ಹಾಕಿ, ಕೋಲಿನಿಂದ ನಡುವೆ ತೂತು ಮಾಡಿ, ಸಣ್ಣ ಉರಿಯಲ್ಲಿ ಮುಚ್ಚಿಡಿ. ನಮ್ಮ ಕಡೆಗಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು. ತಿರುವೋದು ಕೊನೆಗೆ.

ಸಾರಿಗೆ ಯಾಕೆ ಚಿಂತೆ? 'ಗಹತ್' ಅಂದ್ರೆ ನಮ್ಮ ಹುರುಳಿಕಾಳೇ. ಇಲ್ಲಿಯವರು ಅದನ್ನು ನೆನೆಸಿ ರುಬ್ಬಿ 'ಫಾಣು' ಮಾಡುತ್ತಾರೆ. ನಾನು ಅದೇ ಕಾಳು ಬೇಯಿಸಿ ಕಟ್ಟು ಬಸಿದು ಬಸ್ಸಾರು ಮಾಡುತ್ತೇನೆ, ನಮ್ಮತ್ತೆಗೂ ಈಗ ಅದೇ ಬೇಕು. ಪಹಾಡಿ ತೂರ್ ಅಂತ ತೊಗರಿಯೂ ಸಿಗುತ್ತದೆ, ಬೇಯೋದು ನಿಧಾನ. ಮಂಡುವಾ, ಗಹತ್, ಪಹಾಡಿ ತೂರ್ ಮೂರಕ್ಕೂ 2023ರಲ್ಲಿ ಜಿಐ ಟ್ಯಾಗ್ (ಇದು ಈ ಸೀಮೆಯದ್ದೇ ಅನ್ನೋ ಸರ್ಕಾರಿ ಗುರುತು) ಬಂದಿದೆ. ಅದೇ ಪಟ್ಟಿಯಲ್ಲಿ ಅಲ್ಮೋರಾದ ಲಖೋರಿ ಮೆಣಸಿನಕಾಯಿಯೂ ಇದೆ, ಆದರೆ ಅದು ಬ್ಯಾಡಗಿ ಜಾಗಕ್ಕೆ ಬೇಡ. ಹಳದಿ ಬಣ್ಣ, ಖಾರ ಬೇರೆ. ಇಡಿಯಾದ ಕಾಶ್ಮೀರಿ ಮೆಣಸಿನಕಾಯಿ ಹುರಿದು ಹಾಕಿ, ಬಣ್ಣಕ್ಕೆ ಮೋಸವಿಲ್ಲ.

ಹಸಿ ಕಾಯಿ ಬೆಟ್ಟದ ಮೇಲೆ ಕಷ್ಟ. ಒಣಕೊಬ್ಬರಿಗೆ 'ಗೋಲಾ' ಅನ್ನಿ, ದೇವರ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ತುರಿದು ಬಿಸಿನೀರಲ್ಲಿ ನೆನೆಸಿ ರುಬ್ಬಿದರೆ ಚಟ್ನಿಗೆ ಸಾಕು. ಕರಿಬೇವು ಬೆಟ್ಟದ ಬುಡದ ಕಾಡಲ್ಲಿ ತಾನಾಗೇ ಬೆಳೆಯುತ್ತೆ. ಹಲ್ದ್ವಾನಿ ಕಡೆ ಇಳಿದಾಗ 'ಮೀಠಾ ನೀಮ್' ಕೇಳಿ.

ಒಗ್ಗರಣೆ ಲೆಕ್ಕ:
ಪಾರ್ಸೆಲ್‌ಗೆ: ಜಿಲ್ಲಾ ಕೇಂದ್ರದ ಹೆಡ್ ಪೋಸ್ಟ್ ಆಫೀಸಿನ ವಿಳಾಸ ಬರೆದು, ನಿಮ್ಮ ಹೆಸರಿನ ಕೆಳಗೆ 'ಪೋಸ್ಟ್ ರೆಸ್ಟಾಂಟ್' ಅಂತ ಹಾಕಿಸಿ. ಊರೂರು ಸುತ್ತುವವರಿಗಂತಲೇ ಇರುವ ಹಳೇ ಸೌಲಭ್ಯ. ಗುರುತಿನ ಚೀಟಿ ತೋರಿಸಿ ತಗೋಬಹುದು. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಕೌಂಟರಲ್ಲಿ ಮೊದಲೇ ಕೇಳಿ. ಅಮ್ಮನಿಗೆ ಹಿಟ್ಟು ಕಳಿಸಬೇಡಿ ಅನ್ನಿ, ಸುಮ್ನೆ ಭಾರ. ಸಾರಿನ ಪುಡಿ, ಚಟ್ನಿಪುಡಿ, ಕಾಫಿಪುಡಿ ಸಾಕು.

ಗಾಲಿಮನೆ:
ನಾದಿ ನೋಡಿದೆ ಅಕ್ಕ, ಎಳೆ ಬಂತು. ಗೋಧಿಯೇ! ಇಲ್ಲಿನ ಚಕ್ಕಿಯವರು ಮಂಡುವಾ ಕಾಳು ಕೊಡಿಸಿ ಬೀಸಿಕೊಟ್ಟರು. ನಿನ್ನೆ ರಾತ್ರಿ ಮುದ್ದೆ, ಗಹತ್ ಬಸ್ಸಾರು. ನಮ್ಮನೆಯವರು ಎರಡನೇ ಮುದ್ದೆ ಮುರಿಯುವವರೆಗೆ ಮಾತೇ ಆಡಲಿಲ್ಲ. ಐಸ್‌ಬಾಕ್ಸ್ ಉಪಾಯದಲ್ಲಿ ಹಿಟ್ಟು ಅರ್ಧ ಉಬ್ಬಿದೆ. ಸೇಲಾ ಸಿಕ್ಕಿಲ್ಲ, ಅದೇ ನುಚ್ಚು.

ಒಗ್ಗರಣೆ ಲೆಕ್ಕ:
ಅರ್ಧ ಅಂದ್ರೆ ದೋಸೆಗೆ ಸರಿ. ಸೇಲಾ ಸಿಗೋವರೆಗೆ ರವೆ ಇಡ್ಲಿ ಮಾಡಿ: ಹುರಿದ ಸೂಜಿ ರವೆ, ಮೊಸರು, ಕೊನೆಗೆ ಚಿಟಿಕೆ ಸೋಡಾ. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ಎಂಟಿಆರ್‌ನವರು ಶುರು ಮಾಡಿದ್ದು ಅಂತಾರೆ. ನಿಮಗೂ ಈಗ ಅಕ್ಕಿಯದ್ದೇ ತಾಪತ್ರಯ ಅಲ್ವಾ?

ಗಾಲಿಮನೆ:
ಮುಂದೆ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗೋಣ ಅಂತಿದ್ದೇವೆ. ಅಲ್ಲೂ ಇದೇ ಉಪಾಯ ನಡೆಯುತ್ತಾ?

ನ್ಯಾಷನಲ್ ಪರ್ಮಿಟ್ ಹುಬ್ಬಳ್ಳಿ:
ಈಗ ಬೇಡ ತಂಗಿ, ಚಳಿಗಾಲ ಶುರುವಾಯಿತು. ಬೇಸಿಗೆಯಲ್ಲಿ ಹೋದರೂ ಕುಕ್ಕರ್ ಬಿಟ್ಟು ಹೋಗಬೇಡಿ. ಸ್ಪಿತಿಯ ಮುಖ್ಯ ಊರು ಕಾಜಾ 3,600 ಮೀಟರ್‌ಗಿಂತ ಮೇಲಿದೆ, ಅಲ್ಲಿ ನೀರು 88 ಡಿಗ್ರಿ ಸುಮಾರಿಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯೋಕೆ ತುಂಬಾ ಹೊತ್ತು ಹಿಡಿಯುತ್ತೆ. ಸದ್ಯ ಗುಜರಾತ್ ಕಡೆ ಇಳಿಯಿರಿ. ಡಾಂಗ್ ಜಿಲ್ಲೆಯಲ್ಲಿ ರಾಗಿಗೆ 'ನಾಗಲಿ' ಅನ್ನಿ, ಕಛ್‌ನಲ್ಲಿ ಸಜ್ಜೆ ರೊಟ್ಟಿ ಬೇಕಾದಷ್ಟು. ಇಡ್ಲಿ ಹಿಟ್ಟಿಗೂ ಅಲ್ಲಿ ಬಾಟಲಿ ಗೀಟಲಿ ಬೇಕಾಗಲ್ಲ.